ಪ್ರಶ್ನೆಯನ್ನು ಅವರಿಗೇ ಕೇಳಿ

ಒಂದು ಕಚೇರಿ. ಮೇಜಿನ ಮುಂದೆ ಇಬ್ಬರು ಬಂದಿದ್ದಾರೆ. ಒಬ್ಬರು ವೀಲ್‌ಚೇರ್‌ನಲ್ಲಿದ್ದಾರೆ, ಇನ್ನೊಬ್ಬರು ಅವರ ಜೊತೆಗೆ ಬಂದವರು. ಕೆಲಸ ಆಗಬೇಕಿರುವುದು ವೀಲ್‌ಚೇರ್‌ನಲ್ಲಿರುವವರಿಗೆ. ಆದರೆ ಮೇಜಿನ ಆಚೆ ಕೂತವರು ಮಾತನಾಡಿಸುವುದು ಜೊತೆಗೆ ಬಂದವರನ್ನು. "ಇವರ ಹೆಸರೇನು? ಎಲ್ಲಿವರೆಗೆ ಓದಿದ್ದಾರೆ? ಸಹಿ ಹಾಕೋಕೆ ಬರುತ್ತಾ ಇವರಿಗೆ?" ಇಲ್ಲಿ ಕೂತಿರುವ ತಂದೆತಾಯಂದಿರು ತಲೆದೂಗುತ್ತಿದ್ದೀರಿ. ನಿಮಗೆ ಇದು ಹೊಸದಲ್ಲ. ವೀಲ್‌ಚೇರ್‌ನಲ್ಲಿ, ಬಿಳಿ ಕೋಲು ಹಿಡಿದು ಇಲ್ಲಿಗೆ ಬಂದಿರುವವರಿಗಂತೂ ನಾನು ವಿವರಿಸಬೇಕಾದ್ದೇ ಇಲ್ಲ.

ನಾನು ವಿಶೇಷ ಶಿಕ್ಷಣ ಕಲಿಯುತ್ತಿರುವ ವಿದ್ಯಾರ್ಥಿನಿ. ಅಂಗವಿಕಲರ ಹಕ್ಕುಗಳ ಕೆಲಸದಲ್ಲಿ ನನಗಾದ ಅನುಭವ ಹೇಳಿ ಅಂತ ಕೇಳಿದ್ದೀರಿ. ತರಬೇತಿಗೆಂದು ಹೋದ ಶಾಲೆಗಳಲ್ಲಿ, ಅರ್ಜಿ ಹಿಡಿದು ಹೋದ ಕಚೇರಿಗಳಲ್ಲಿ, ಸಭೆಗಳಲ್ಲಿ ನಾನು ಮಾಡಿದ ಕೆಲಸದ ದೊಡ್ಡ ಪಾಲು ಯಾವುದು ಅಂದರೆ, ನನ್ನ ಕಡೆಗೆ ಬಂದ ಪ್ರಶ್ನೆಯನ್ನು ಅದು ಸೇರಬೇಕಾದವರ ಕಡೆಗೆ ತಿರುಗಿಸಿದ್ದು. "ಅವರೇ ಇದ್ದಾರಲ್ಲ ಸರ್, ಅವರನ್ನೇ ಕೇಳಿ." ಕೇಳಲು ಸಣ್ಣ ಮಾತು. ಅದನ್ನು ಹೇಳಿದ ಮೇಲೆ ಉತ್ತರ ಬರುವವರೆಗೆ ಎಲ್ಲರೂ ಕಾಯುವಂತೆ ನೋಡಿಕೊಳ್ಳುವುದಿದೆಯಲ್ಲ, ನಿಜವಾದ ದುಡಿಮೆ ಅದು.

ಕೇಳದೆ ತೀರ್ಮಾನ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಕ್ಷೇತ್ರದ ಚರಿತ್ರೆಯೇ ಸಾಕ್ಷಿ. ಲೂಯಿ ಬ್ರೈಲ್ ಹೆಸರು ನಿಮಗೆಲ್ಲ ಗೊತ್ತು. 1809ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದವನು. ಅಪ್ಪನ ಚರ್ಮದ ಕೆಲಸದ ಅಂಗಡಿಯಲ್ಲಿ ಆಡುತ್ತಿದ್ದಾಗ, ಮೂರನೆಯ ವಯಸ್ಸಿನಲ್ಲಿ, ಚೂಪಾದ ಉಪಕರಣ ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ ಎರಡೂ ಹೋದವು. ಪ್ಯಾರಿಸಿನ ಅಂಧ ಮಕ್ಕಳ ಶಾಲೆಗೆ ಅವನು ಸೇರಿದಾಗ ಅಲ್ಲಿ ಪುಸ್ತಕಗಳು ಇದ್ದವು. ಆದರೆ ಎಂಥ ಪುಸ್ತಕ? ಕಣ್ಣಿರುವವರು ಓದುವ ರೋಮನ್ ಅಕ್ಷರಗಳನ್ನೇ ದಪ್ಪ ಕಾಗದದಲ್ಲಿ ಉಬ್ಬಿಸಿ ಅಚ್ಚು ಮಾಡಿದ್ದು. ಹೊರಲಾರದಷ್ಟು ಭಾರ. ಒಂದೊಂದೇ ಅಕ್ಷರದ ಅಂಚನ್ನು ತಡವಿ ಗುರುತಿಸುವ ಹೊತ್ತಿಗೆ ವಾಕ್ಯದ ಮೊದಲ ಪದ ಮರೆತುಹೋಗುತ್ತಿತ್ತು. ಹಾಗೆ ಓದಬಹುದಿತ್ತು, ಬರೆಯಲು ಮಾತ್ರ ದಾರಿಯೇ ಇರಲಿಲ್ಲ.

ಸೈನಿಕರು ಕತ್ತಲಲ್ಲಿ ಓದಲೆಂದು ಶಾರ್ಲ್ ಬಾರ್ಬಿಯೆ ಎಂಬಾತ ಹನ್ನೆರಡು ಚುಕ್ಕಿಗಳ ಒಂದು ಪದ್ಧತಿ ಮಾಡಿದ್ದ ಎನ್ನುತ್ತಾರೆ. ಅದು ಈ ಶಾಲೆಗೂ ಬಂತು. ಹನ್ನೆರಡು ಚುಕ್ಕಿ ಒಂದೇ ಬೆರಳ ತುದಿಗೆ ಸಿಗುವುದಿಲ್ಲ, ಬೆರಳನ್ನು ಮೇಲೆ ಕೆಳಗೆ ಆಡಿಸಬೇಕು. ಇದನ್ನು ಕಂಡುಕೊಂಡದ್ದು ಬೆರಳಿಂದ ಓದುವ ಹುಡುಗ. ಬ್ರೈಲ್ ಅದನ್ನು ಆರಕ್ಕೆ ಇಳಿಸಿದ. 1824ರಲ್ಲಿ, ಅವನಿಗೆ ಹದಿನೈದು ವರ್ಷ ಆಗಿದ್ದಾಗಲೇ, ಆ ಲಿಪಿ ಬಹುಮಟ್ಟಿಗೆ ಸಿದ್ಧವಾಗಿತ್ತು. 1829ರಲ್ಲಿ ಪುಸ್ತಕವಾಗಿ ಬಂತು. ಒಪ್ಪಿಗೆ ಸಿಕ್ಕಿತೇ? ಇಲ್ಲ. ಅವನು ಪಾಠ ಹೇಳುತ್ತಿದ್ದ ಅದೇ ಶಾಲೆಯಲ್ಲಿ ಸ್ವಲ್ಪ ಕಾಲ ಅದನ್ನು ನಿಷೇಧಿಸಿದರು. ಕಣ್ಣಿರುವ ಮೇಷ್ಟ್ರುಗಳಿಗೆ ಅದು ಓದಲು ಬರುತ್ತಿರಲಿಲ್ಲ, ಮಕ್ಕಳು ಕಣ್ಣಿರುವವರಿಂದ ಬೇರೆಯಾಗುತ್ತಾರೆ ಎಂಬ ವಾದವೂ ಇತ್ತು. ಮಕ್ಕಳು ಮಾತ್ರ ಬಿಡಲಿಲ್ಲ, ಕದ್ದುಮುಚ್ಚಿ ಕಲಿತರು, ಒಬ್ಬರಿಗೊಬ್ಬರು ಕಲಿಸಿದರು. ಫ್ರಾನ್ಸಿನಲ್ಲಿ ಅಧಿಕೃತ ಮಾನ್ಯತೆ ಸಿಕ್ಕಿದ್ದು 1854ರಲ್ಲಿ. ಬ್ರೈಲ್ ತೀರಿಕೊಂಡು ಎರಡು ವರ್ಷ ಆಗಿತ್ತು.

ನನಗೆ ಈ ಕಥೆಯಲ್ಲಿ ದೊಡ್ಡದಾಗಿ ಕಾಣುವುದು ಆ ಕದ್ದು ಕಲಿತ ಮಕ್ಕಳು. ಅವರ ಹೆಸರು ಯಾವ ಪಾಠದಲ್ಲೂ ಬರುವುದಿಲ್ಲ. ಆದರೆ ಆರು ಚುಕ್ಕಿ ಉಳಿದದ್ದು ಅವರಿಂದ. ಇವತ್ತು ಕನ್ನಡದ ಅಕ್ಷರಗಳೂ ಅದೇ ಆರು ಚುಕ್ಕಿಯಲ್ಲಿ ಕೂತಿವೆ.

ಇನ್ನೊಂದು ಉದಾಹರಣೆ ಇದಕ್ಕಿಂತ ನೋವಿನದು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಅವರು ಮತ ಹಾಕಿ, ಪಾಠ ಬಾಯಿಮಾತಿನಲ್ಲೇ ನಡೆಯಬೇಕು, ಸನ್ನೆಗಿಂತ ಅದೇ ಮೇಲು ಎಂದು ತೀರ್ಮಾನಿಸಿದರು. ಅದರ ಫಲವಾಗಿ ಹಲವು ದೇಶಗಳ ಶಾಲೆಗಳಲ್ಲಿ ಸನ್ನೆ ಭಾಷೆಯನ್ನು ತರಗತಿಯಿಂದ ಹೊರಹಾಕಿದರು. ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ತುಟಿ ಓದುವುದನ್ನು, ತಾವು ಕೇಳಿಸಿಕೊಳ್ಳಲಾರದ ಸ್ವರವನ್ನು ಹೊರಡಿಸುವುದನ್ನು ಕಲಿಯುವುದರಲ್ಲೇ ಮಕ್ಕಳ ವರ್ಷಗಳು ಕಳೆದವು. ಗಣಿತ, ಚರಿತ್ರೆ, ವಿಜ್ಞಾನ ಕಲಿಯಬೇಕಾಗಿದ್ದ ವರ್ಷಗಳವು. ಆ ಸಮ್ಮೇಳನದ ಪರಂಪರೆಯವರೇ 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ, ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿದರು. ನೂರಮೂವತ್ತು ವರ್ಷ. ಎಷ್ಟು ತಲೆಮಾರು ಆಯಿತು, ನೀವೇ ಲೆಕ್ಕ ಹಾಕಿ.

ಆ ಸಭಾಂಗಣದಲ್ಲಿದ್ದವರು ಕೆಟ್ಟವರಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಬಹಳ ಜನ ಜೀವಮಾನವನ್ನೇ ಕಿವುಡ ಮಕ್ಕಳಿಗೆಂದು ಮುಡಿಪಿಟ್ಟ ಶಿಕ್ಷಕರು, ಪಾದ್ರಿಗಳು. ನನಗೆ ಭಯ ಹುಟ್ಟಿಸುವುದೂ ಅದೇ. ನಾಳೆ ನಾನೂ ಅದೇ ವೃತ್ತಿಯವಳು. ಒಳ್ಳೆಯ ಮನಸ್ಸು, ಪದವಿ, ಅನುಭವ ಎಲ್ಲ ಇದ್ದೂ ಎದುರಿಗಿರುವವರನ್ನು ಒಂದು ಮಾತು ಕೇಳದೆ ಹೋದರೆ ಇಷ್ಟು ಹಾನಿ ಮಾಡಬಹುದು.

ಈಗ ನನ್ನ ಅನುಭವಕ್ಕೆ ಬರುತ್ತೇನೆ. ತರಬೇತಿಗೆ ಹೋಗಿದ್ದ ಶಾಲೆಯಲ್ಲಿ ಹತ್ತನೆಯ ತರಗತಿಯ ಒಬ್ಬ ಹುಡುಗನಿದ್ದ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಸ್ನಾಯುಗಳು ಹತೋಟಿಗೆ ಬಾರದ ಸ್ಥಿತಿ. ಕೈ ಹಿಡಿತಕ್ಕೆ ಬರುವುದಿಲ್ಲ, ಮಾತು ಹೊರಡುವುದಿಲ್ಲ, ಆದರೆ ಎಲ್ಲವೂ ತಿಳಿಯುತ್ತದೆ. ಅವನು ಮಾತನಾಡುವುದು ಅಕ್ಷರದ ಹಲಗೆಯಿಂದ. ಹಲಗೆ ಅಂದರೆ ದೊಡ್ಡ ಯಂತ್ರವಲ್ಲ, ಒಂದು ರಟ್ಟು. ಮೇಲಿನ ಸಾಲಿನಲ್ಲಿ ಸ್ವರಗಳು, ಅದರ ಕೆಳಗೆ ಕ, ಚ, ಟ, ತ, ಪ ವರ್ಗಗಳು ಒಂದೊಂದು ಸಾಲು, ಕೊನೆಗೆ ಯ ರ ಲ ವ. ಜೊತೆಯಲ್ಲಿ ಕೂತವರು ಸಾಲುಗಳನ್ನು ಒಂದೊಂದಾಗಿ ತೋರಿಸುತ್ತಾ ಹೋಗಬೇಕು. ಬೇಕಾದ ಸಾಲು ಬಂದಾಗ ಅವನು ಕಣ್ಣು ಮೇಲಕ್ಕೆತ್ತುತ್ತಾನೆ. ಆಮೇಲೆ ಆ ಸಾಲಿನ ಅಕ್ಷರಗಳು ಒಂದೊಂದಾಗಿ, ಆಮೇಲೆ ಅದಕ್ಕೆ ಸೇರಬೇಕಾದ ಸ್ವರ. ಅಲ್ಲ ಎನ್ನಲು ಕಣ್ಣು ಮುಚ್ಚುತ್ತಾನೆ. ನಮ್ಮ ವರ್ಣಮಾಲೆಯನ್ನು ಹೀಗೆ ವರ್ಗ ಮಾಡಿ ಇಟ್ಟವರು ಯಾರೋ, ಅವರಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಹೇಳಿದ್ದೇನೆ. ಸಾಲು ಹಿಡಿದು ಹುಡುಕಲು ಇದಕ್ಕಿಂತ ಒಳ್ಳೆಯ ಜೋಡಣೆ ಬೇರೆ ಬೇಕಿಲ್ಲ.

ಆ ಹುಡುಗ ಶಾಲೆಗೆ ಬರುವುದು ಕಡಿಮೆಯಾಗಿತ್ತು. ಅವನನ್ನು ಮನೆಯಲ್ಲೇ ಕಲಿಸುವ ವ್ಯವಸ್ಥೆಗೆ ಬದಲಾಯಿಸೋಣವೇ ಎಂದು ತೀರ್ಮಾನಿಸಲು ಸಭೆ ಕರೆದಿದ್ದರು. ತಾಯಿ ಬಂದಿದ್ದರು, ಅವನೂ ಬಂದಿದ್ದ, ನಾನು ಹಲಗೆ ಹಿಡಿದು ಪಕ್ಕದಲ್ಲಿದ್ದೆ. ಸಭೆಯ ಅರ್ಧಕ್ಕಿಂತ ಹೆಚ್ಚು ಹೊತ್ತು ಮಾತೆಲ್ಲ ತಾಯಿಯ ಜೊತೆಗೇ. "ನೋಡಮ್ಮಾ, ಅವನಿಗೂ ಕಷ್ಟ, ನಿಮಗೂ ಕಷ್ಟ. ಮನೆಯಲ್ಲೇ ಇದ್ದರೆ ಆರಾಮಾಗಿರ್ತಾನೆ." ಆ ತಾಯಿ ಸುಮ್ಮನೆ ಕೇಳಿ, "ಅವನನ್ನ ಕೇಳಿ ಸಾರ್" ಅಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಧೈರ್ಯ ಬೇಕಾಗಿತ್ತು ಎನ್ನುವುದು ಅವರ ಕೈ ನೋಡಿದರೆ ತಿಳಿಯುತ್ತಿತ್ತು, ಸೆರಗಿನ ತುದಿಯನ್ನು ಬಿಗಿಯಾಗಿ ಸುತ್ತಿಕೊಂಡಿದ್ದರು.

ನಾನು ಹಲಗೆ ಎತ್ತಿದೆ. ಮನೆಯಲ್ಲಿ ಓದುವುದರ ಬಗ್ಗೆ ನಿನಗೆ ಏನನ್ನಿಸುತ್ತದೆ ಎಂದು ಕೇಳಿದೆ. ಕ ಸಾಲು, ಇಲ್ಲ. ಚ, ಇಲ್ಲ. ಟ, ಇಲ್ಲ. ತ, ಇಲ್ಲ. ಪ ಸಾಲಿಗೆ ಬಂದಾಗ ಕಣ್ಣು ಮೇಲಕ್ಕೆ ಹೋಯಿತು. ಪ, ಫ, ಬ. ಮತ್ತೆ ಕಣ್ಣು ಮೇಲಕ್ಕೆ. ಸ್ವರದ ಸಾಲು. ಅ ಇಂದ ಶುರು ಮಾಡಿ ಏ ವರೆಗೆ. ಕಣ್ಣು ಮೇಲಕ್ಕೆ. "ಬೇ." ಇಷ್ಟಾಗುವಾಗ ಕೋಣೆಯಲ್ಲಿ ಕುರ್ಚಿ ಸರಿಯುವ ಸದ್ದು, ಯಾರೋ ಗಡಿಯಾರ ನೋಡಿಕೊಳ್ಳುವುದು, ಎಲ್ಲ ನಡೆದಿತ್ತು. ಸದಸ್ಯರೊಬ್ಬರು ಉತ್ಸಾಹದಿಂದ, "ಬೇಕು ಅಂತಿದ್ದಾನೆ ನೋಡಿ!" ಅಂದರು. ಬರೆದುಕೊಳ್ಳುತ್ತಿದ್ದವರ ಪೆನ್ನು ಕಾಗದಕ್ಕೆ ತಾಗಿಯೂ ಆಯಿತು. ಹುಡುಗ ಕಣ್ಣು ಬಿಗಿಯಾಗಿ ಮುಚ್ಚಿದ. "ಇನ್ನೂ ಮುಗಿದಿಲ್ಲ ಸರ್" ಅಂದೆ. ಟ ಸಾಲು. ಟ, ಠ, ಡ. ಕಣ್ಣು ಮೇಲಕ್ಕೆ.

ಬೇಡ.

ಒಂದು ಅಕ್ಷರದ ಅಂತರ. ಅವನ ಮಾತನ್ನು ಬೇರೆಯವರು ಮುಗಿಸಿಬಿಟ್ಟಿದ್ದರೆ ಅವನ ಒಪ್ಪಿಗೆಯೊಂದಿಗೇ ಅವನನ್ನು ಮನೆಗೆ ಕಳಿಸಿದೆವು ಎಂದು ದಾಖಲೆ ಆಗುತ್ತಿತ್ತು. ಹಾಗಾದರೆ ಶಾಲೆಗೆ ಬರುವುದು ಯಾಕೆ ಕಡಿಮೆಯಾಯಿತು ಎಂದು ಕೇಳಿದೆವು. ಮತ್ತೆ ಸಾಲುಗಳು, ಮತ್ತೆ ಅಕ್ಷರಗಳು. ಕೊನೆಗೆ ಬಂದ ಪದ, "ಕೆಳಗೆ." ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅವನ ತರಗತಿಯ ಶಿಕ್ಷಕಿಗೆ ಹೊಳೆಯಿತು. ಆ ವರ್ಷ ಹತ್ತನೆಯ ತರಗತಿಯನ್ನು ಮೇಲಿನ ಮಹಡಿಗೆ ಹಾಕಿದ್ದರು. ದಿನಾ ಇಬ್ಬರು ಅವನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಕು. ಎತ್ತುವವರು ಬಾರದ ದಿನ ಅವನು ಕೆಳಗೇ ವರಾಂಡದಲ್ಲಿ. ಮುಖ್ಯೋಪಾಧ್ಯಾಯರು ಅಲ್ಲೇ, ಅದೇ ಸಭೆಯಲ್ಲಿ, ತರಗತಿಯನ್ನು ಕೆಳಮಹಡಿಯ ಕೋಣೆಗೆ ಬದಲಾಯಿಸಲು ಒಪ್ಪಿದರು. ಹಣ ಬೇಕಾಗಲಿಲ್ಲ, ಮೇಲಿನವರ ಅನುಮತಿ ಬೇಕಾಗಲಿಲ್ಲ. ಆ ಮುಖ್ಯೋಪಾಧ್ಯಾಯರ ಬಗ್ಗೆ ನನಗೆ ಗೌರವವಿದೆ. ಉತ್ತರ ಕಿವಿಗೆ ಬಿದ್ದ ಮೇಲೆ ಅವರು ಒಂದು ಕ್ಷಣವೂ ತಡ ಮಾಡಲಿಲ್ಲ.

ನಮ್ಮ ಪಠ್ಯದಲ್ಲಿ ಒಂದು ತತ್ವ ಬರುತ್ತದೆ. ಆನ್ ಡಾನೆಲನ್ ಎಂಬ ಶಿಕ್ಷಣ ತಜ್ಞೆ 1984ರಲ್ಲಿ ಬರೆದದ್ದು. ಒಂದು ಮಗುವಿನ ಸಾಮರ್ಥ್ಯದ ಬಗ್ಗೆ ಖಚಿತ ಮಾಹಿತಿ ಇಲ್ಲದಿರುವಾಗ ನಾವು ಏನೋ ಒಂದು ಊಹೆ ಇಟ್ಟುಕೊಂಡೇ ಕಲಿಸಬೇಕು. ಆಗ ಯಾವ ಊಹೆ ತಪ್ಪಾದರೂ ಮಗುವಿಗೆ ಅತಿ ಕಡಿಮೆ ಹಾನಿಯೋ ಅದನ್ನೇ ಇಟ್ಟುಕೊಳ್ಳಿ ಎನ್ನುತ್ತದೆ ಅದು. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಮಾತನಾಡದ ಮಗುವಿಗೆ ಅರ್ಥವಾಗುತ್ತದೆ ಎಂದು ಊಹಿಸಿ ಕಥೆ ಓದಿದಿರಿ, ಪ್ರಶ್ನೆ ಕೇಳಿದಿರಿ, ಅದಕ್ಕೆ ಅರ್ಥವಾಗಿರಲಿಲ್ಲ ಅಂತಿಟ್ಟುಕೊಳ್ಳಿ. ಏನು ನಷ್ಟ? ಒಂದು ಕಥೆ ಹೆಚ್ಚು ಓದಿದ ಹಾಗಾಯಿತು. ಅರ್ಥವಾಗುವುದಿಲ್ಲ ಎಂದು ಊಹಿಸಿ ವರ್ಷಗಟ್ಟಲೆ ಏನನ್ನೂ ಕಲಿಸಲಿಲ್ಲ, ಆದರೆ ಅದಕ್ಕೆ ಎಲ್ಲವೂ ಅರ್ಥವಾಗುತ್ತಿತ್ತು. ಆ ನಷ್ಟವನ್ನು ತುಂಬಿಕೊಡುವವರು ಯಾರು? ನಾನು ಯಾವ ಕಚೇರಿಗೆ ಹೋದರೂ, ಯಾವ ಅಧಿಕಾರಿಯ ಜೊತೆ ಮಾತನಾಡಿದರೂ ಈ ಲೆಕ್ಕವನ್ನು ಮುಂದಿಡುತ್ತೇನೆ. ಕನಿಕರದ ಮಾತಿಗೆ ಒಲಿಯದವರು ಈ ಲೆಕ್ಕಕ್ಕೆ ಕಿವಿಗೊಟ್ಟಿದ್ದನ್ನು ಕಂಡಿದ್ದೇನೆ.

ಕಾನೂನಿನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆ 2006ರ ಡಿಸೆಂಬರ್ 13ರಂದು ಅಂಗೀಕಾರವಾಯಿತು, 2008ರ ಮೇ 3ರಿಂದ ಜಾರಿಗೆ ಬಂತು. ಭಾರತ 2007ರಲ್ಲೇ ಅದನ್ನು ಅನುಮೋದಿಸಿತು, ಅದಕ್ಕೆ ತಕ್ಕಂತೆ 2016ರಲ್ಲಿ ಹೊಸ ಕಾಯ್ದೆ ಮಾಡಿತು. ಒಡಂಬಡಿಕೆಯ 4ನೆಯ ವಿಧಿಯ ಮೂರನೆಯ ಭಾಗ ನನಗೆ ಬಹಳ ಮುಖ್ಯ. ಅಂಗವಿಕಲರಿಗೆ ಸಂಬಂಧಿಸಿದ ಕಾನೂನು, ನೀತಿ, ತೀರ್ಮಾನ ಏನೇ ಮಾಡುವಾಗಲೂ ಅವರ ಜೊತೆ, ಅಂಗವಿಕಲ ಮಕ್ಕಳ ಜೊತೆಗೂ, ಸಮಾಲೋಚಿಸಬೇಕು ಎನ್ನುತ್ತದೆ. ಮಕ್ಕಳ ಜೊತೆಗೂ. ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು 2ನೆಯ ವಿಧಿ ಹೇಳುತ್ತದೆ. ತರಗತಿಯನ್ನು ಮಹಡಿಯಿಂದ ಕೆಳಗಿಳಿಸುವುದು ಹೊಂದಾಣಿಕೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುವುದು ಹೊಂದಾಣಿಕೆ. ಅದನ್ನು ದಾನದ ಹಾಗೆ ಕೇಳಬೇಕಿಲ್ಲ.

ಹೊಂದಾಣಿಕೆ ಎಂದಾಗ ಎಲ್ಲರಿಗೂ ಮೊದಲು ನೆನಪಾಗುವುದು ರ‍್ಯಾಂಪ್. ಒಬ್ಬ ವೀಲ್‌ಚೇರ್ ಬಳಸುವ ಗೆಳತಿಯ ಜೊತೆ ಒಂದು ಸಾರ್ವಜನಿಕ ಕಟ್ಟಡ ನೋಡಲು ಹೋಗಿದ್ದೆ. ಅಲ್ಲಿನ ಪಟ್ಟಿಯಲ್ಲಿ ರ‍್ಯಾಂಪ್ ಇದೆ, ಅಂಗವಿಕಲರ ಶೌಚಾಲಯ ಇದೆ ಎಂದು ಟಿಕ್ ಹಾಕಿತ್ತು. ಎರಡೂ ಇದ್ದವು, ಸುಳ್ಳಲ್ಲ. ಗೆಳತಿ ಟೇಪು ತಂದಿದ್ದಳು. ರ‍್ಯಾಂಪಿಗೆ ಸಾಮಾನ್ಯವಾಗಿ ಒಪ್ಪಿರುವ ಇಳಿಜಾರು ಒಂದಕ್ಕೆ ಹನ್ನೆರಡು. ಅಂದರೆ 15 ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದ ಬೇಕು. ಅಲ್ಲಿ ಮೂರು ಮೆಟ್ಟಿಲಿನ ಎತ್ತರವನ್ನು ಒಂದು ಮೆಟ್ಟಿಲಿಗೆ ಬೇಕಾದಷ್ಟು ಉದ್ದದಲ್ಲೇ ಮುಗಿಸಿದ್ದರು. ನಾನು ಹಿಂದಿನಿಂದ ತಳ್ಳಲು ಹೋದೆ. "ನೀನು ತಳ್ಳಬೇಡ, ನಾನು ಒಬ್ಬಳೇ ಹತ್ತೋಕೆ ಆಗುತ್ತಾ ನೋಡಬೇಕು" ಅಂದಳು. ಅರ್ಧಕ್ಕೆ ಹೋಗುವಷ್ಟರಲ್ಲಿ ಮುಂದಿನ ಚಕ್ರ ಮೇಲೇಳತೊಡಗಿತು. ಮೇಲೆ ತಲುಪಿದ ಮೇಲೆ ಬಾಗಿಲಿಗೆ ಎರಡು ಬೆರಳಿನಷ್ಟು ಎತ್ತರದ ಹೊಸ್ತಿಲು. ಶೌಚಾಲಯಕ್ಕೆ ಬೀಗ. ಕೀ ತರಿಸಿ ತೆಗೆದರೆ ಒಳಗೆ ಮುರಿದ ಕುರ್ಚಿಗಳು, ಪೊರಕೆಗಳು, ಹಳೆಯ ಫೈಲಿನ ಕಟ್ಟುಗಳು. ಚಾವಣಿಯವರೆಗೆ.

"ಇದೆ ಅಂತ ಬರ್ಕೊಂಡು ಹೋದೋರು ಬಹಳ ಜನ. ಹತ್ತಿ ನೋಡಿದೋರು ಯಾರೂ ಇಲ್ಲ" ಅಂದಳು ಅವಳು. ವರದಿ ಬರೆದವಳು ಅವಳೇ, ಸಹಿ ಅವಳದೇ. ನಾನು ಫೋಟೋ ತೆಗೆದೆ, ಟೇಪಿನ ಇನ್ನೊಂದು ತುದಿ ಹಿಡಿದೆ. ಹೊಸ್ತಿಲು ತೆಗೆದರು, ಶೌಚಾಲಯ ಖಾಲಿಯಾಯಿತು. ರ‍್ಯಾಂಪ್ ಮಾತ್ರ ಇನ್ನೂ ಹಾಗೇ ಇದೆ, ಆ ಕಡತ ಇನ್ನೂ ಓಡಾಡುತ್ತಿದೆ.

ಕಣ್ಣಿಗೆ ಕಾಣುವ ಮೆಟ್ಟಿಲಿನಷ್ಟೇ ಕಾಣದ ಮೆಟ್ಟಿಲುಗಳೂ ಇವೆ. ದೃಷ್ಟಿದೋಷವಿರುವ ವಿದ್ಯಾರ್ಥಿಗಳು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ನೆರವಿನಿಂದ, ಅಂದರೆ ಪರದೆಯ ಮೇಲಿನ ಅಕ್ಷರಗಳನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶದಿಂದ. ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. 2006ರಲ್ಲಿ ಅದನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರ‍್ರನ್, ಜೊತೆಗೂಡಿದವರು ಜೇಮ್ಸ್ ಟೆ. ಇಬ್ಬರೂ ಅಂಧರು. ಅದಕ್ಕೆ ಕನ್ನಡ ಓದಲು ಬರುತ್ತದೆ. ಆದರೆ ನಾವು ಕೊಡುವ ಪಠ್ಯ ಎಂಥದು? ಪುಸ್ತಕದ ಪುಟವನ್ನು ಫೋಟೋ ತೆಗೆದು ಪಿಡಿಎಫ್ ಮಾಡಿದರೆ ಅದಕ್ಕೆ ಕಾಣುವುದು ಬರೀ ಚಿತ್ರ, ಅಕ್ಷರವೇ ಇಲ್ಲ. ಯೂನಿಕೋಡ್ ಅಂದರೆ ಕಂಪ್ಯೂಟರ್ ಕನ್ನಡ ಅಕ್ಷರವನ್ನು ಕನ್ನಡ ಅಂತಲೇ ಗುರುತಿಸುವ ಸಂಕೇತ ಪದ್ಧತಿ. ಅದಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಇನ್ನೂ ವಿಚಿತ್ರ. ನಮ್ಮ ಕಣ್ಣಿಗೆ ಸೊಗಸಾದ ಕನ್ನಡ, ಆ ವಿದ್ಯಾರ್ಥಿಯ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಇಲ್ಲಿರುವ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ನೋಟ್ಸ್ ಯೂನಿಕೋಡಿನಲ್ಲಿ ಟೈಪ್ ಮಾಡಿ. ಶೀರ್ಷಿಕೆಗಳನ್ನು ಅಕ್ಷರ ದೊಡ್ಡದು ಮಾಡಿ ಬಿಡಬೇಡಿ, ಶೀರ್ಷಿಕೆ ಅಂತಲೇ ಗುರುತು ಹಾಕಿ. ಚಿತ್ರ ಹಾಕಿದರೆ ಅದರಲ್ಲೇನಿದೆ ಅಂತ ಒಂದು ಸಾಲು ಬರೆಯಿರಿ. ಒಂದು ತರಗತಿಯ ವಿದ್ಯಾರ್ಥಿನಿ ಇಷ್ಟನ್ನು ಪಟ್ಟಿ ಮಾಡಿ ತನ್ನ ಅಧ್ಯಾಪಕರಿಗೆಲ್ಲ ಕಳಿಸಿದಳು, ಅದರ ಜೊತೆಗೆ ತನ್ನ ಕಂಪ್ಯೂಟರ್ ಹಳೆಯ ನೋಟ್ಸನ್ನು ಓದುವ ಧ್ವನಿಯನ್ನೂ ರೆಕಾರ್ಡ್ ಮಾಡಿ ಕಳಿಸಿದಳು. ಆ ಧ್ವನಿ ಕೇಳಿದವರು ಮರುವಾರವೇ ಬದಲಾಯಿಸಿದರು. ನಾನು ಎಷ್ಟು ಭಾಷಣ ಮಾಡಿದ್ದರೂ ಅಷ್ಟು ಆಗುತ್ತಿರಲಿಲ್ಲ.

ದನಿ ಎತ್ತುವುದು ಅಂದರೆ ಯಾವಾಗಲೂ ಜೋರಾಗಿಯೇ ಇರಬೇಕು ಅಂತಿಲ್ಲ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ಕಲಿಕೆಯ ತೊಂದರೆ, ಇರುವ ಒಬ್ಬಳು ಕಾಲೇಜು ವಿದ್ಯಾರ್ಥಿನಿ ನನ್ನ ಬಳಿ ಬಂದಳು. ಅವಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಬೇಕಿತ್ತು, ಅದಕ್ಕೆ ಅರ್ಹತೆಯೂ ಇತ್ತು. ಆದರೆ ಅವಳು ಮೊದಲೇ ಷರತ್ತು ಹಾಕಿದಳು. ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ಹಾಕಬಾರದು. ಎಲ್ಲರೆದುರು ಬೇರೆ ಬೆಂಚಿನಲ್ಲಿ ಕೂರಿಸಬಾರದು. ತರಗತಿಗೆ ಯಾರೂ ನನ್ನ ಬಗ್ಗೆ 'ವಿವರಿಸಿ' ಹೇಳಬಾರದು. ಈ ಮೂರೂ ನ್ಯಾಯವಾದ ಮಾತುಗಳೇ. ನಮ್ಮಂಥವರಿಗೆ ಜಾಗೃತಿ ಕಾರ್ಯಕ್ರಮ ಮಾಡಬೇಕೆನ್ನುವ ಹುಮ್ಮಸ್ಸು ಇರುತ್ತದೆ, ಆದರೆ ಆ ಹುಮ್ಮಸ್ಸಿಗೆ ಅವಳನ್ನು ಉದಾಹರಣೆ ಮಾಡುವ ಹಕ್ಕು ಯಾರಿಗೂ ಇಲ್ಲ. ಪರೀಕ್ಷಾ ವಿಭಾಗಕ್ಕೆ ಅವಳೇ ಪತ್ರ ಬರೆದಳು, ನಾನು ನಿಯಮದ ಪ್ರತಿ ಹುಡುಕಿ ಕೊಟ್ಟೆ. ಹೆಚ್ಚುವರಿ ಸಮಯ ಪಡೆಯುವವರ ಹೆಸರನ್ನು ಬೋರ್ಡಿಗೆ ಹಾಕುವ ಬದಲು ಒಬ್ಬೊಬ್ಬರಿಗೂ ಪ್ರತ್ಯೇಕ ಪತ್ರ ಕೊಡುವ ಪದ್ಧತಿ ಅಲ್ಲಿ ಶುರುವಾಯಿತು. ಅದರಿಂದ ಇನ್ನೂ ಎಷ್ಟೋ ಜನ ಅರ್ಜಿ ಹಾಕಿದರು. ಅವರೆಲ್ಲ ಅಲ್ಲಿಯವರೆಗೆ ಬೋರ್ಡಿಗೆ ಹೆದರಿ ಸುಮ್ಮನಿದ್ದವರು.

ಇದಕ್ಕೆ ತದ್ವಿರುದ್ಧವಾದದ್ದು ವೇದಿಕೆ. ಕಾರ್ಯಕ್ರಮದ ನಡುವೆ ಅಂಗವಿಕಲ ಮಕ್ಕಳನ್ನು ಕರೆಸಿ ಹಾಡಿಸುತ್ತಾರೆ, ಶಾಲು ಹೊದಿಸುತ್ತಾರೆ, ಫೋಟೋ ತೆಗೆಯುತ್ತಾರೆ. "ಇವರನ್ನು ನೋಡಿ, ಇವರೇ ಇಷ್ಟು ಮಾಡುವಾಗ ನಮಗೇನು ಕಷ್ಟ" ಎನ್ನುತ್ತಾರೆ. ಆಸ್ಟ್ರೇಲಿಯಾದ ಸ್ಟೆಲ್ಲಾ ಯಂಗ್, ತಾವೇ ವೀಲ್‌ಚೇರ್ ಬಳಸುತ್ತಿದ್ದ ಪತ್ರಕರ್ತೆ, 2014ರಲ್ಲಿ ಇದನ್ನು ನೇರವಾಗಿ ಟೀಕಿಸಿದರು. ಬೇರೆಯವರಿಗೆ ಸ್ಫೂರ್ತಿ ಕೊಡುವುದಕ್ಕೆಂದು ನಾವು ಹುಟ್ಟಿಲ್ಲ ಎನ್ನುವುದು ಅವರ ವಾದದ ಸಾರ. ಆ ಮಕ್ಕಳು ಚೆನ್ನಾಗಿ ಹಾಡಿದರೆ ಹಾಡು ಚೆನ್ನಾಗಿತ್ತು ಅನ್ನಿ. ಅವರ ಶಾಲೆಗೆ ಶೌಚಾಲಯ ಇದೆಯೇ ಎಂದು ಅದೇ ವೇದಿಕೆಯಲ್ಲಿ ಕೇಳಿ.

ವಿದ್ಯಾರ್ಥಿಗಳೇ, ನಿಮ್ಮಿಂದ ಏನಾಗುತ್ತದೆ ಎಂದು ಯಾರಾದರೂ ಅಂದರೆ ಎರಡು ಹೆಸರು ನೆನಪಿಡಿ. ಎಡ್ ರಾಬರ್ಟ್ಸ್. ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಕತ್ತಿನ ಕೆಳಗೆ ಚಲನೆ ಹೋಯಿತು, ಉಸಿರಾಟಕ್ಕೆ ಕಬ್ಬಿಣದ ಶ್ವಾಸಯಂತ್ರ ಬೇಕಿತ್ತು. 1962ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಆ ಯಂತ್ರ ಹಿಡಿಸುವ ಹಾಸ್ಟೆಲ್ ಕೋಣೆ ಇರಲಿಲ್ಲ, ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ಉಳಿದು ಓದಿದರು. ಅವರ ಹಿಂದೆ ಇನ್ನಷ್ಟು ವಿದ್ಯಾರ್ಥಿಗಳು ಬಂದರು, ಗುಂಪು ಕಟ್ಟಿದರು, 1972ರಲ್ಲಿ ಅಂಗವಿಕಲರೇ ನಡೆಸುವ ಸ್ವತಂತ್ರ ಬದುಕಿನ ಕೇಂದ್ರ ಬರ್ಕ್ಲಿಯಲ್ಲಿ ಶುರುವಾಯಿತು. ಇವನಿಗೆ ಕೆಲಸ ಮಾಡುವ ಸಾಮರ್ಥ್ಯವೇ ಇಲ್ಲ ಎಂದಿದ್ದ ರಾಜ್ಯದ ಪುನರ್ವಸತಿ ಇಲಾಖೆಗೆ 1975ರಲ್ಲಿ ಅವರೇ ನಿರ್ದೇಶಕರಾದರು. ಇನ್ನೊಂದು, ಜುಡಿತ್ ಹ್ಯೂಮನ್. ವೀಲ್‌ಚೇರ್ ಬಳಸುತ್ತಾರೆ ಎಂಬ ಕಾರಣಕ್ಕೆ ನ್ಯೂಯಾರ್ಕ್ ನಗರದಲ್ಲಿ ಶಿಕ್ಷಕಿಯ ಲೈಸೆನ್ಸ್ ನಿರಾಕರಿಸಿದರು. 1970ರಲ್ಲಿ ಕೋರ್ಟಿಗೆ ಹೋದರು, ಶಿಕ್ಷಕಿಯಾದರು. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ಅಂಗವಿಕಲರ ಹಕ್ಕುಗಳಿಗಾಗಿ ವಾರಗಟ್ಟಲೆ ನಡೆದ ಧರಣಿಯ ಮುಂಚೂಣಿಯಲ್ಲಿ ಇದ್ದದ್ದೂ ಅವರೇ.

1988ರ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನ ಗ್ಯಾಲಡೆಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಾಡಿದ್ದಂತೂ ನನಗೆ ಬಹಳ ಪ್ರೀತಿಯ ಪ್ರಸಂಗ. ಕಿವುಡರಿಗೆಂದೇ ಇರುವ ಆ ವಿಶ್ವವಿದ್ಯಾಲಯಕ್ಕೆ 1864ರಿಂದ ಅಲ್ಲಿಯವರೆಗೆ ಒಬ್ಬ ಕಿವುಡ ಅಧ್ಯಕ್ಷರೂ ಇರಲಿಲ್ಲ. ಆ ಬಾರಿಯೂ ಕಿವಿ ಕೇಳುವವರನ್ನೇ ಆಯ್ಕೆ ಮಾಡಿದಾಗ ವಿದ್ಯಾರ್ಥಿಗಳು ಗೇಟು ಮುಚ್ಚಿದರು. ಸ್ಪಷ್ಟವಾಗಿ ನಾಲ್ಕು ಬೇಡಿಕೆ ಇಟ್ಟರು. ಕಿವುಡ ಅಧ್ಯಕ್ಷರು ಬೇಕು, ಆಡಳಿತ ಮಂಡಳಿಯಲ್ಲಿ ಕಿವುಡರು ಬಹುಮತದಲ್ಲಿರಬೇಕು, ಮಂಡಳಿಯ ಮುಖ್ಯಸ್ಥರು ರಾಜೀನಾಮೆ ಕೊಡಬೇಕು, ಪ್ರತಿಭಟಿಸಿದವರ ಮೇಲೆ ಕ್ರಮ ಆಗಬಾರದು. ಒಂದು ವಾರದಲ್ಲಿ ನಾಲ್ಕಕ್ಕೂ ಒಪ್ಪಿಗೆ ಸಿಕ್ಕಿತು. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ಬೇಡಿಕೆ ಎಷ್ಟು ಖಚಿತವಾಗಿತ್ತು ಗಮನಿಸಿ. "ನಮ್ಮನ್ನು ಗೌರವಿಸಿ" ಅಂತ ಬರೆದಿದ್ದರೆ ಎಲ್ಲರೂ ಒಪ್ಪಿ ತಲೆಯಾಡಿಸಿ ಸುಮ್ಮನಾಗುತ್ತಿದ್ದರು.

ಅರ್ಜಿ ಬರೆಯುವಾಗಲೂ ಇದೇ. ಒಂದು ಅರ್ಜಿಯಲ್ಲಿ ಒಂದೇ ಕೆಲಸ ಕೇಳಿ. ಯಾರು ಮಾಡಬೇಕು, ಯಾವ ದಿನದೊಳಗೆ ಮಾಡಬೇಕು, ಯಾವ ನಿಯಮದ ಪ್ರಕಾರ, ಇಷ್ಟು ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿ ಸ್ವೀಕೃತಿ ಪಡೆಯಿರಿ. "ಆಗಲ್ಲ" ಎಂದು ಬಾಯಲ್ಲಿ ಹೇಳಿದರೆ, ಆಗುವುದಿಲ್ಲ ಎನ್ನುವುದನ್ನೇ ಹಿಂಬರಹವಾಗಿ ಕೊಡಿ ಎಂದು ಸಮಾಧಾನವಾಗಿ ಕೇಳಿ. "ನಮ್ಮ ಶಾಲೆಯಲ್ಲಿ ಇಂಥ ಮಕ್ಕಳಿಗೆ ಸೌಲಭ್ಯ ಇಲ್ಲ" ಎಂದು ಗೇಟಿನಲ್ಲೇ ಹೇಳಿ ಕಳಿಸಿದವರು ಅದನ್ನೇ ಬರೆದು ಸಹಿ ಹಾಕಿ ಕೊಡಿ ಎಂದಾಗ ಒಳಗೆ ಕರೆದು ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮತ್ತು ಅರ್ಜಿದಾರರ ಜಾಗದಲ್ಲಿ ಅಂಗವಿಕಲ ವ್ಯಕ್ತಿಯ ಹೆಸರೇ ಇರಲಿ. ಸಹಿ ಆಗದಿದ್ದರೆ ಹೆಬ್ಬೆಟ್ಟಾಗಲಿ.

ಈಗಷ್ಟೇ ಒಬ್ಬರು ತಾಯಿ ಚೀಟಿ ಕಳಿಸಿದ್ದಾರೆ. "ನನ್ನ ಮಗಳಿಗೆ ತೀವ್ರ ಬೌದ್ಧಿಕ ಅಂಗವೈಕಲ್ಯ. ಅವಳಿಗೆ ಅಕ್ಷರ ಬರುವುದಿಲ್ಲ, ಹಲಗೆ ಹಿಡಿದರೂ ಪ್ರಯೋಜನವಿಲ್ಲ. ಅವಳನ್ನು ಏನಂತ ಕೇಳುವುದು? ನಾನು ಹೋದ ಮೇಲೆ ಅವಳ ಪರವಾಗಿ ಹೇಳುವವರು ಯಾರು?" ಅಮ್ಮಾ, ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಇದಕ್ಕೆ ಪೂರ್ತಿ ಉತ್ತರ ಕೊಡುವ ಶಕ್ತಿ ನನಗಿಲ್ಲ. ಒಡಂಬಡಿಕೆಯ 12ನೆಯ ವಿಧಿ ಹೇಳುವುದು, ತೀರ್ಮಾನ ಮಾಡಲು ಕಷ್ಟಪಡುವವರಿಗೆ ತೀರ್ಮಾನ ಮಾಡುವುದಕ್ಕೆ ಬೇಕಾದ ಬೆಂಬಲ ಕೊಡಿ ಎಂದು. ಅವರ ಹಕ್ಕನ್ನು ತೆಗೆದು ಬೇರೆಯವರ ಕೈಗೆ ಕೊಡಿ ಎಂದು ಅದು ಹೇಳುವುದಿಲ್ಲ. ಆದರೆ ಆ ಬೆಂಬಲ ಕೊಡುವವರಿಗೆ ನಿಮ್ಮ ಮಗಳು ಗೊತ್ತಿರಬೇಕಲ್ಲ. ಇವತ್ತು ಅವಳು ನಿಮಗೊಬ್ಬರಿಗೆ ಮಾತ್ರ ಗೊತ್ತು.

ಅದಕ್ಕೆ ನಾವು ತರಬೇತಿಯಲ್ಲಿ ಒಂದು ಸಣ್ಣ ಪುಸ್ತಕ ಮಾಡುವುದನ್ನು ಕಲಿಯುತ್ತೇವೆ. ಕಮ್ಯುನಿಕೇಶನ್ ಪಾಸ್‌ಪೋರ್ಟ್ ಅನ್ನುತ್ತಾರೆ. ಕೆಲವೇ ಪುಟಗಳು, ಫೋಟೋಗಳೊಂದಿಗೆ. ಅದನ್ನು ಅವಳೇ ಹೇಳುವ ಹಾಗೆ ಬರೆಯಬೇಕು. 'ನನಗೆ ಇಷ್ಟವಾದರೆ ಹೀಗೆ ಮಾಡುತ್ತೇನೆ. ಬೇಡವಾದರೆ ಮುಖ ಆ ಕಡೆ ತಿರುಗಿಸುತ್ತೇನೆ, ಅದು ಹಟವಲ್ಲ. ಹೊಟ್ಟೆ ನೋವು ಬಂದರೆ ಕೈ ಕಚ್ಚಿಕೊಳ್ಳುತ್ತೇನೆ. ನನ್ನ ಹಿಂದಿನಿಂದ ಬಂದು ಮುಟ್ಟಬೇಡಿ, ಎದುರಿಗೆ ಬನ್ನಿ. ಎರಡು ಬಟ್ಟೆ ತೋರಿಸಿ ಕಾಯಿರಿ, ಬೇಕಾದ್ದನ್ನು ಹೆಚ್ಚು ಹೊತ್ತು ನೋಡುತ್ತೇನೆ.' ಇದು ಅಮ್ಮ ಒಬ್ಬರೇ ಕೂತು ಬರೆಯುವಂಥದ್ದಲ್ಲ. ಅವಳ ಶಿಕ್ಷಕಿ, ಅಕ್ಕತಂಗಿಯರು, ಅವಳನ್ನು ಕರೆದುಕೊಂಡು ಹೋಗುವ ಆಟೋದವರು, ಎಲ್ಲರನ್ನೂ ಕೇಳಿ. ಒಬ್ಬೊಬ್ಬರು ಅವಳಲ್ಲಿ ಒಂದೊಂದನ್ನು ಗಮನಿಸಿರುತ್ತಾರೆ. ವರ್ಷಕ್ಕೊಮ್ಮೆ ತಿದ್ದಿ, ಅವಳೂ ಬದಲಾಗುತ್ತಿರುತ್ತಾಳೆ. ಆಸ್ಪತ್ರೆಗೆ ಹೋಗುವಾಗ, ಹೊಸ ಶಾಲೆಗೆ ಸೇರುವಾಗ, ಅವಳ ಬಗ್ಗೆ ತೀರ್ಮಾನವಾಗುವ ಯಾವ ಸಭೆಯಲ್ಲೇ ಆಗಲಿ, ಈ ಪುಸ್ತಕ ಅವಳ ಚೀಲದಲ್ಲೇ ಇರಲಿ.

ಮಾದರಿ ಪುಟಗಳು ನನ್ನ ಬಳಿ ಇವೆ. ಕಾರ್ಯಕ್ರಮ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಬೇಕಾದವರು ಮಕ್ಕಳನ್ನೂ ಕರೆದುಕೊಂಡು ಬನ್ನಿ, ಮೊದಲ ಪುಟವನ್ನು ಅವರ ಎದುರಿಗೇ ಶುರು ಮಾಡೋಣ.